ಹತ್ತು ಹತ್ತರ ರಿಂಗು

ಮಾರ್ಚ್ 4, ಮಂಗಳವಾರ

ಹತ್ತು ಗಂಟೆ ಹತ್ತು ನಿಮಿಷ. ರಿಂಗು ಬಂತು. ಒಂದೇ. ತಿರುಗಿ ಒಂದು ಕೊಟ್ಟೆ. ಮೇಜಿನ ಕ್ಯಾಲೆಂಡರಿನಲ್ಲಿ ಟಿಕ್ ಹಾಕಿದೆ.

ಬೆಳಕವಾಡಿಯಿಂದ ಮರಿಯಯ್ಯನವರು. ಮೊನ್ನೆ ಭಾನುವಾರ ಅವರ ಹೊಸ ಮನೆ ಒಕ್ಕಲು. ಕಾರ್ಡು ಹಿಡಿದುಕೊಂಡು ಆಫೀಸಿನವರೆಗೂ ತಾವೇ ಬಂದಿದ್ದರು. ಬರ್ತೀನಿ ಅಂದಿದ್ದೆ. ಹೋಗಲಿಲ್ಲ. ಜ್ವರ ಅಂತ ಅಟೆಂಡರ್ ಕೆಂಪಸಿದ್ದಯ್ಯನ ಕೈಲಿ ಹೇಳಿ ಕಳಿಸಿದೆ. ಆದರೂ ನಿನ್ನೆ ರಿಂಗು ಬಂತು, ಇವತ್ತೂ ಬಂತು. ಸದ್ಯ. ಮನಸ್ಸಿಗೆ ಹಚ್ಚಿಕೊಂಡಿಲ್ಲ.

ಮಧ್ಯಾಹ್ನ ಸುಹಾಸ್ ಒಂದು ಡಬ್ಬ ತಂದು ಮೇಜಿನ ಮೇಲಿಟ್ಟ. ನಮ್ಮ ಹೊಸ ಮ್ಯಾನೇಜರು. ಬಂದು ಆರು ತಿಂಗಳು. ಕುರ್ಚಿ ಬದಲಾಯಿಸಿದ, ಗೋಡೆ ಗಡಿಯಾರ ಬದಲಾಯಿಸಿದ. ಈಗ ಫೋನಿನ ಸರದಿ.

“ತಿರುಮಲಮ್ಮ ಮೇಡಂ, ಇದು ಕಾರ್ಡ್‌ಲೆಸ್. ಇನ್ಮೇಲೆ ನೀವು ಒಂದೇ ಕಡೆ ಕೂತಿರ್ಬೇಕಾಗಿಲ್ಲ. ಯಾರ್ಡಿಗೆ ಹೋದ್ರೂ ಮಾತಾಡ್ಬಹುದು.”

ಮೂವತ್ತೆರಡು ವರ್ಷದಿಂದ ಒಂದೇ ಕಡೆ ಕೂತಿದ್ದೇನೆ. ಯಾರ್ಡಿಗೆ ಹೋಗಿ ನಾನೇನು ಕಬ್ಬು ತೂಗಲೇ? ಏಪ್ರಿಲ್ ಮೂವತ್ತಕ್ಕೆ ರಿಟೈರಾಗುವವಳಿಗೆ ಹೊಸ ಫೋನು. ಮುದುಕಿಗೆ ಓಲೆ ಮಾಡಿಸಿದ ಹಾಗೆ.

“ಆಗಲಿ ಸಾರ್” ಅಂದೆ.

ಮೊದಲು ಹದಿನಾರು ಗಂಟೆ ಚಾರ್ಜಿಗೆ ಇಡಬೇಕಂತೆ. ಅಲ್ಲಿಯವರೆಗೆ ಮುಟ್ಟುವ ಹಾಗಿಲ್ಲವಂತೆ. ಹಸೆಯ ಮೇಲೆ ಕೂರಿಸಿದ ಹಾಗೆ ಚಾರ್ಜಿನ ಪೀಠದ ಮೇಲೆ ಕೂರಿಸಿ ಮನೆಗೆ ಬಂದೆ.

ಮಾರ್ಚ್ 5, ಬುಧವಾರ

ಹತ್ತು ಹತ್ತರ ರಿಂಗು ಹಳೇ ಫೋನಿನಲ್ಲೇ ಬಂತು. ಟಿಕ್.

ಊಟವಾದ ಮೇಲೆ ಸುಹಾಸ್ ಅಂಗಿಯ ತೋಳು ಮಡಚಿಕೊಂಡು ಕೂತ. ಅಕೌಂಟ್ಸ್ ಹುಡುಗಿ ವೀಣ ಫೋನಿನ ಜೊತೆ ಬಂದ ಪುಸ್ತಕ ಓದಿ ಹೇಳುತ್ತಿದ್ದಳು. ಗೋಡೆಯ ವೈರನ್ನು ಹಳೇದರಿಂದ ಕಿತ್ತು ಹೊಸದರ ಬೇಸಿಗೆ ಚುಚ್ಚಿದರು. ಬೇಸು ಅಂದರೆ ಕೆಳಗಿನ ಪೀಠ. ಅದರ ಮೇಲೆ ಕೂರುವುದು ಹ್ಯಾಂಡ್‌ಸೆಟ್ಟು. ಎರಡಕ್ಕೂ ಪರಿಚಯ ಮಾಡಿಸಬೇಕಂತೆ. ಪೀಠದ ಬಟನ್ನು ಒತ್ತಿ ಹಿಡಿ, ಇದರಲ್ಲಿ ನಾಲ್ಕು ಸೊನ್ನೆ ಒತ್ತು. ಮೊದಲನೇ ಸಲ ಆಗಲಿಲ್ಲ. ಎರಡನೇ ಸಲ ಸುಹಾಸ್ ಬಟನ್ನು ಬೇಗ ಬಿಟ್ಟ. ಮೂರನೇ ಸಲ ಕರೆಂಟು ಹೋಯಿತು. ನಾಲ್ಕನೆಯದಕ್ಕೆ ಪೀಂ ಅಂತು. ವೀಣ ಚಪ್ಪಾಳೆ ಹೊಡೆದಳು.

ಆಮೇಲೆ ಎಷ್ಟು ದೂರ ಕೇಳಿಸುತ್ತೆ ಅಂತ ಪರೀಕ್ಷೆ. ಹ್ಯಾಂಡ್‌ಸೆಟ್ಟು ಕಿವಿಗೆ ಹಿಡಿದು ನಾನು ನಡೆಯಬೇಕು, ವೀಣ ಮೊಬೈಲಿನಿಂದ “ಕೇಳಿಸ್ತಾ? ಕೇಳಿಸ್ತಾ?” ಅನ್ನಬೇಕು. ತೂಕದ ಕಾಟಾದವರೆಗೂ ಕೇಳಿಸಿತು. ಬೇವಿನ ಮರದ ಹತ್ತಿರ ಗೊರಗೊರ. ಕಬ್ಬಿನ ಟ್ರ್ಯಾಕ್ಟರಿನ ಮೇಲಿದ್ದವನೊಬ್ಬ, “ಏನಮ್ಮಾರೆ, ಈ ವಯಸ್ಸಲ್ಲಿ ಒಬ್ರೇ ಮಾತಾಡ್ಕಂಡ್ ಓಡಾಡ್ತಾ ಇದೀರಿ” ಅಂದ. ನಗು ಬಂತು, ಸುಳ್ಳಲ್ಲ.

ಹಳೇ ಫೋನನ್ನು ಕೆಂಪಸಿದ್ದಯ್ಯ ಬಟ್ಟೆಯಲ್ಲಿ ಒರೆಸಿ ಬೀರುವಿನೊಳಗಿಟ್ಟ. ರಿಸೀವರಿನ ಒಳಮಗ್ಗುಲಲ್ಲಿ ನನ್ನ ಹೆಬ್ಬೆರಳು ಸವೆಸಿದ ಗುರುತು ಹಾಗೇ ಇತ್ತು.

ತೊಂಬತ್ತಮೂರರಲ್ಲಿ ಈ ಸಂಘಕ್ಕೆ ಸೇರಿದಾಗ ಕಬ್ಬು ಬೆಳೆಗಾರರಿಗೆ ಎಂಟು ಕೇಂದ್ರ. ಎಂಟಕ್ಕೂ ಒಂದೊಂದು ಫೋನು. ಒಂದು ಮಳೆ ಬಂದರೆ ನಾಲ್ಕು ಲೈನು ಸತ್ತು ಬೀಳುತ್ತಿತ್ತು. ಅದಕ್ಕೇ ಒಂದು ಪದ್ಧತಿ ಮಾಡಿಕೊಂಡಿದ್ದೆವು. ಬೆಳಿಗ್ಗೆ ಹತ್ತಕ್ಕೆ ದುದ್ದ, ಹತ್ತು ಐದಕ್ಕೆ ಮದ್ದೂರು, ಹತ್ತು ಹತ್ತಕ್ಕೆ ಬೆಳಕವಾಡಿ... ಹೀಗೆ ಸಾಲಾಗಿ ಒಬ್ಬೊಬ್ಬರೂ ಒಂದೊಂದು ರಿಂಗು ಕೊಟ್ಟು ಕಟ್ ಮಾಡಬೇಕು. ಲೈನಿದೆ, ನಾನಿದ್ದೇನೆ ಅಂತ ಅರ್ಥ. ನಾನು ತಿರುಗಿ ಒಂದು ಕೊಡಬೇಕು. ತಿಳಿಯಿತು ಅಂತ ಅರ್ಥ. ಎತ್ತದಿದ್ದರೆ ಬಿಲ್ಲಿಲ್ಲ. ಎರಡು ರಿಂಗಾದರೆ ಮಾತ್ರ ಎತ್ತಬೇಕು — ಏನೋ ವಿಷಯವಿದೆ.

ಒಂದೊಂದಾಗಿ ಕೇಂದ್ರ ಮುಚ್ಚಿದರು. ಎಲ್ಲರ ಕೈಗೂ ಮೊಬೈಲು ಬಂತು. ಬೆಳಕವಾಡಿ ಫೀಲ್ಡ್‌ಮನ್ ಮರಿಯಯ್ಯನವರು ಎರಡು ಸಾವಿರದ ಹದಿನಾರರಲ್ಲಿ ರಿಟೈರಾದರು. ಮಾರನೇ ದಿನ ಹತ್ತು ಹತ್ತಕ್ಕೆ ಸರಿಯಾಗಿ ಒಂದು ರಿಂಗು! ಯಾರಿರಬಹುದು ಅಂತ ತಲೆ ಕೆಡಿಸಿಕೊಂಡೆ. ಅದರ ಮಾರನೇ ದಿನ ಎರಡು ರಿಂಗು. ಎತ್ತಿದೆ.

“ನಾನೇ ಕಣಮ್ಮಾರೆ. ಲೈನು ಸರಿಯಾಗೈತಾ ಅಂತ ನೋಡ್ದೆ. ಇದು ನನ್ ಮೊಬೈಲ್ ನಂಬ್ರು, ಬರ್ಕಳಿ.”

ಬರೆದುಕೊಂಡೆ. ಒಂಬತ್ತು ವರ್ಷವಾಯಿತು. ರಜೆ ದಿನ ಬಿಟ್ಟು ಒಂದು ದಿನ ತಪ್ಪಿಲ್ಲ. ನನಗೆ ಬಾಯಿಪಾಠವಾಗಿರುವ ಮೊಬೈಲ್ ನಂಬರು ಅದೊಂದೇ. ಅಣ್ಣನದೂ ಬರುವುದಿಲ್ಲ.

ಮಾರ್ಚ್ 6, ಗುರುವಾರ

ಹತ್ತು ಹತ್ತು. ಇಲ್ಲ. ಹತ್ತೂಕಾಲು. ಇಲ್ಲ.

ಲೈನೇ ಇಲ್ಲವೇನೋ ಅಂತ ಬಟನ್ನು ಒತ್ತಿ ಕೇಳಿದೆ. ಗುಂಯ್ ಅಂತಿದೆ. ಬೇರೆ ಎಲ್ಲ ಕಾಲೂ ಬರುತ್ತಿವೆ. ಕಟಾವಿನ ಪರ್ಮಿಟ್ ಯಾವಾಗ, ಲಾರಿ ಯಾವಾಗ ಅಂತ ಇಡೀ ದಿನ ರೈತರ ಪ್ರಾಣ ಇದರಲ್ಲೇ. ಫೋನು ಕೂಗಿದ ತಕ್ಷಣ ನಾನು ಎತ್ತುತ್ತೇನೆ. ಆದರೂ “ಎಷ್ಟೊತ್ತಮ್ಮಾರೆ ಎತ್ತಕ್ಕೆ, ಮಲಗಿದ್ರಾ?” ಅಂತ ಇಬ್ಬರು ಬೈದರು. ಮೂವತ್ತೆರಡು ವರ್ಷದಲ್ಲಿ ಈ ಮಾತು ಕೇಳಿರಲಿಲ್ಲ.

ಟಿಕ್ ಇಲ್ಲ. ಖಾಲಿ ಬಿಟ್ಟಿದ್ದೇನೆ.

ಮಾರ್ಚ್ 7, ಶುಕ್ರವಾರ

ಇವತ್ತೂ ಇಲ್ಲ. ಯಾಕೆ ಅಂತ ಗೊತ್ತಾಯಿತು.

ಕಾಫಿ ತಂದಿಡುತ್ತಾ ಕೆಂಪಸಿದ್ದಯ್ಯ ಶುರುಮಾಡಿದ. ಅವನ ಹೆಂಡತಿ ತವರು ಬೆಳಕವಾಡಿ. ಬುಧವಾರ ಸಂಜೆ ಹೋಗಿದ್ದನಂತೆ.

“ಮರಿಯಣ್ಣ ಸಿಕ್ಕಿದ್ರು. ಅಮ್ಮಾರ್ ಜ್ವರ ಎಂಗೈತೆ ಅಂದ್ರು. ಏಯ್, ಎಲ್ ಜ್ವರ ಬುಡಣ್ಣ, ಭಾನ್ವಾರ ಸಂಜೆ ಮದ್ದೂರ್ ಬಸ್ ಸ್ಟ್ಯಾಂಡಲ್ಲಿ ರೇಸ್ಮೆ ಸೀರೆ ಉಟ್ಕಂಡು ನಿಂತಿದ್ರು, ಗುಂಡ್ಕಲ್ಲಂಗವ್ರೆ ಅಂದೆ.”

“ಅದಕ್ಕೆ ಅವರೇನಂದರು?”

“ಒಳ್ಳೇದಾಯ್ತು ಬುಡು, ಜ್ವರ ಬಿಟ್ಟದಲ್ಲ ಅಂದ್ರು.”

ನನ್ನ ಮುಖ ನೋಡಿ ಅವನಿಗೆ ಆಮೇಲೆ ಹೊಳೆಯಿತು. ನಾಲಗೆ ಕಚ್ಚಿಕೊಂಡು ಲೋಟ ತೆಗೆದುಕೊಂಡು ಹೋದ. ಅವನ ತಪ್ಪೇನು? ಸುಳ್ಳು ನನ್ನದು.

ಇಲ್ಲಿ ಬರೆದುಬಿಡುತ್ತೇನೆ. ಯಾರು ಓದಬೇಕು? ಅವತ್ತು ಮದ್ದೂರಿನಲ್ಲಿ ದೂರದ ನೆಂಟರ ಉಪನಯನ. ಹೋಗಲೇಬೇಕಾದ್ದೇನಲ್ಲ. ಮರಿಯಯ್ಯನವರ ಮನೆಗೆ ಹೋದರೆ ಊಟ ಮಾಡಬೇಕು. ಹೊಲೆಯರ ಕೇರಿಯಲ್ಲಿ ಕೂತು ಉಂಡು ಬಂದೆ ಅಂತ ಅಣ್ಣನ ಮುಂದೆ ಹೇಳಬೇಕು. ಅಣ್ಣ ಪಾರ್ಥಸಾರಥಿ ರಿಟೈರ್ಡ್ ಮೇಷ್ಟ್ರು, ಸಂಧ್ಯಾವಂದನೆ ತಪ್ಪಿಸದ ಮನುಷ್ಯ. ಆದರೆ ಅಣ್ಣ ಬೇಡ ಅನ್ನಲಿಲ್ಲ. ಅವನನ್ನು ಕೇಳಲೇ ಇಲ್ಲವಲ್ಲ ನಾನು. ನಾನೇ ಬೇಡ ಅಂದುಕೊಂಡೆ, ನಾನೇ ಜ್ವರ ಅಂದೆ.

ಮೂವತ್ತೆರಡು ವರ್ಷ ಆ ಮನುಷ್ಯ ನನ್ನ ಮನೆಯ ಸುದ್ದಿ ಕೇಳಿದ್ದಾರೆ. ನಾನು ಅವರ ಮನೆಯ ನೀರು ಕುಡಿದಿಲ್ಲ. ನಾಚಿಕೆಯಾಗುತ್ತದೆ.

ಮಾರ್ಚ್ 11, ಮಂಗಳವಾರ

ಇಲ್ಲ.

ಹ್ಯಾಂಡ್‌ಸೆಟ್ಟಿನ ತಲೆಯ ಮೇಲೆ ಒಂದು ಕೆಂಪು ದೀಪ ಮಿಣಮಿಣ ಅನ್ನುತ್ತಲೇ ಇರುತ್ತದೆ. ಚಾರ್ಜಿಂಗ್ ಇರಬೇಕು. ನೋಡಿದರೆ ಕಣ್ಣು ಕುಕ್ಕುತ್ತದೆ, ಬೋರಲು ಮಲಗಿಸಿದೆ.

ನಾನೇ ಒಂದು ರಿಂಗು ಕೊಡಲೇ ಅಂತ ಬೆರಳು ಹೋಯಿತು. ಕೊಟ್ಟು ಏನು ಹೇಳುವುದು? ಎತ್ತಿಬಿಟ್ಟರೆ? “ಜ್ವರ ಬಿಟ್ಟಿತಾ ಅಮ್ಮಾರೆ” ಅಂತ ಕೇಳಿಬಿಟ್ಟರೆ? ಬೇಡ. ಧೈರ್ಯ ಸಾಲದು.

ಮಾರ್ಚ್ 15, ಶನಿವಾರ

ಇಲ್ಲ. ಎಂಟು ದಿನ.

ಈ ಫೋನು ಜೇಬಿಗೆ ಹಾಕಿಕೊಂಡು ಓಡಾಡುವ ಹಾಗಾಗಿದೆ, ಆದರೆ ನನಗೆ ಜೇಬೆಲ್ಲಿ? ಸೊಂಟಕ್ಕೆ ಸಿಕ್ಕಿಸಿಕೊಂಡರೆ ಸೆರಗು ಎಳೆಯುತ್ತೆ. ಇವತ್ತು ಕ್ಯಾಂಟೀನಿನಲ್ಲಿ ಮರೆತು ಬಂದೆ. ಉಪ್ಪಿಟ್ಟಿನ ತಟ್ಟೆಗಳ ಜೊತೆ ತೊಟ್ಟಿಗೆ ಬೀಳುವುದರಲ್ಲಿತ್ತು. ಹಳೇದು ಹೀಗೆ ಕಳೆದುಹೋಗುತ್ತಿತ್ತೇ? ವೈರು ಹಿಡಿದುಕೊಂಡಿರುತ್ತಿತ್ತು. ಅದನ್ನೂ, ನನ್ನನ್ನೂ.

ಅಮ್ಮ ತೀರಿಕೊಂಡಾಗ ಹದಿಮೂರು ದಿನ ರಜೆ ಹಾಕಿದ್ದೆ. ಎರಡು ಸಾವಿರದ ಹನ್ನೊಂದು. ತಿರುಗಿ ಕೆಲಸಕ್ಕೆ ಬಂದ ದಿನ ಹತ್ತು ಹತ್ತಕ್ಕೆ ಬೆಳಕವಾಡಿಯಿಂದ ಎರಡು ರಿಂಗು. ಎತ್ತಿದೆ. “ಬಂದ್ರಾ ಅಮ್ಮಾರೆ?” ಅಂದರು. “ಬಂದೆ” ಅಂದೆ. “ಸರಿ ಬುಡಿ” ಅಂದರು. ಇಟ್ಟರು. ಮನೆಗೆ ಬಂದು ಹೋದ ನೂರು ಜನ ಗೀತೆ, ಗರುಡಪುರಾಣ ಎಲ್ಲ ಹೇಳಿದ್ದರು. ಯಾವುದೂ ನೆನಪಿಲ್ಲ. ಆ “ಬಂದ್ರಾ” ನೆನಪಿದೆ. ಅವತ್ತು ಟಾಯ್ಲೆಟ್ಟಿಗೆ ಹೋಗಿ ಅತ್ತೆ.

ಅವರ ಹೆಂಡತಿ ಮರಿತಾಯಮ್ಮ ಹೋದಾಗ ನಾನೇನು ಮಾಡಿದೆ? ಹತ್ತು ಹತ್ತಕ್ಕೆ ಅವರ ರಿಂಗು ಬರುವವರೆಗೆ ಕಾದು ತಿರುಗಿ ಒಂದು ಕೊಟ್ಟೆ. ಎರಡು ಕೊಡಬೇಕಿತ್ತು. ಕೊಡಲಿಲ್ಲ. ಎತ್ತಿದರೆ ಏನು ಮಾತಾಡಲಿ ಅಂತ ಹೆದರಿದೆ. ಊರಿಗೂ ಹೋಗಲಿಲ್ಲ. ಆಗಲೂ ಅವರು ನಿಲ್ಲಿಸಲಿಲ್ಲ.

ಈಗ ನಿಲ್ಲಿಸಿದ್ದಾರೆ. ನಿಲ್ಲಿಸಬೇಕಾದ್ದೇ.

ಮಾರ್ಚ್ 30, ಭಾನುವಾರ. ಯುಗಾದಿ

ಅತ್ತಿಗೆ ಬೇವುಬೆಲ್ಲ ಕೊಟ್ಟರು. ನನ್ನ ಪಾಲಿಗೆ ಬೇವೇ ಜಾಸ್ತಿ ಬಂದಿತ್ತು. ಅಣ್ಣ ಪಂಚಾಂಗ ಓದಿದ. ನನ್ನ ರಾಶಿಗೆ ಆಯ ಎರಡು, ವ್ಯಯ ಹನ್ನೊಂದಂತೆ. ಸರಿಯಾಗಿಯೇ ಇದೆ.

ಹದಿನೈದು ದಿನದಿಂದ ಬರೆದಿರಲಿಲ್ಲ. ಬರೆಯಲು ಏನಿತ್ತು? ಇಲ್ಲ, ಇಲ್ಲ, ಇಲ್ಲ.

ಇನ್ನು ಒಂದು ತಿಂಗಳು ನನ್ನ ಕೆಲಸ. ಆಮೇಲೆ ಅವರು ಕೊಟ್ಟರೂ ಎತ್ತಿಕೊಳ್ಳಲು ನಾನು ಆ ಮೇಜಿನಲ್ಲಿ ಇರುವುದಿಲ್ಲ.

ಏಪ್ರಿಲ್ 2, ಬುಧವಾರ

ಸರಿಯಾಗಿ ಬರೆಯಬೇಕು.

ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹ್ಯಾಂಡ್‌ಸೆಟ್ಟು ಎಲ್ಲಿಟ್ಟೆ ಅಂತ ತಿಳಿಯಲಿಲ್ಲ. ವೀಣ ತನ್ನ ಮೊಬೈಲಿನಿಂದ ಆಫೀಸಿನ ನಂಬರಿಗೆ ಕಾಲ್ ಮಾಡಿದಳು, ಸದ್ದು ಬಂದ ಕಡೆ ಹುಡುಕೋಣ ಅಂತ. ಪೀಠದ ಹಸಿರು ದೀಪ ಮಿನುಗಿತು. ಸದ್ದಿಲ್ಲ. ಕಟ್ ಮಾಡಿದಳು. ಇನ್ನೊಂದು ಸಲ ಮಾಡಿ ಸ್ವಲ್ಪ ಹೊತ್ತು ಹಿಡಿದಳು. ಆಗ ಕೂಗಿತು — ಪರ್ಮಿಟ್ ಫೈಲುಗಳ ಬೀರುವಿನೊಳಗಿಂದ.

ವೀಣ ಹುಬ್ಬು ಗಂಟಿಕ್ಕಿದಳು. “ಮೇಡಂ, ನನ್ನ ಕಿವೀಲಿ ಒಂದು ಟ್ರಿಂಗ್ ಮುಗಿದು ಎರಡನೇದಕ್ಕೆ ಇದು ಕೂಗ್ತು. ಮೊದಲನೇದು ನುಂಗಿಬಿಡುತ್ತೆ ಇದು.”

“ನುಂಗುತ್ತೆ ಅಂದ್ರೆ?”

ಡ್ರಾಯರಿನಿಂದ ಪುಸ್ತಕ ತೆಗೆದಳು. ಹಾಳೆ ತಿರುವಿದಳು. ಮೆನು ಒಳಗೆ ಹೋದಳು. ಅದರೊಳಗೆ ಇನ್ನೊಂದು. “ನೋಡಿ. ಫಸ್ಟ್ ರಿಂಗ್ — ಆಫ್. ಕಂಪೆನಿಯಿಂದಲೇ ಹಾಗೆ ಬಂದಿದೆ. ಯಾರ ನಂಬರು ಅಂತ ಓದಿಕೊಂಡು ಆಮೇಲೆ ಕೂಗೋದಂತೆ.”

“ಒಂದೇ ರಿಂಗು ಕೊಟ್ಟು ಕಟ್ ಮಾಡಿದರೆ?”

“ಇದು ಕೂಗೋದೇ ಇಲ್ಲ. ಮಿಸ್ಡ್ ಕಾಲ್ ಅಂತ ಲಿಸ್ಟಲ್ಲಿ ಬೀಳುತ್ತೆ ಅಷ್ಟೆ. ಅದಕ್ಕೇ ಅಲ್ವಾ ಈ ಕೆಂಪು ದೀಪ ಹೊಡ್ಕೋತಿರೋದು.”

ಚಾರ್ಜಿಂಗ್ ಅಂತ ಬೋರಲು ಮಲಗಿಸಿದ್ದೆನಲ್ಲ, ಆ ದೀಪ!

“ಲಿಸ್ಟು ತೆಗಿ” ಅಂದೆ. ತೆಗೆದಳು. ಕನ್ನಡಕ ಹಾಕಿಕೊಂಡೆ. ನಾನಿರುವಾಗ ಎತ್ತದೇ ಬಿಟ್ಟ ಕಾಲೇ ಇಲ್ಲ. ಅದಕ್ಕೇ ಲಿಸ್ಟಿನಲ್ಲಿ ಬೇರೆ ನಂಬರು ಎರಡೋ ಮೂರೋ. ಮಿಕ್ಕದ್ದೆಲ್ಲ ಒಂದೇ. ನನಗೆ ಬಾಯಿಪಾಠವಾಗಿರುವ ನಂಬರು. ಮಾರ್ಚ್ ಆರು, ಹತ್ತು ಹತ್ತು. ಮಾರ್ಚ್ ಏಳು, ಹತ್ತು ಹತ್ತು. ಎರಡನೇ ಶನಿವಾರ ಇಲ್ಲ, ಭಾನುವಾರ ಇಲ್ಲ. ಮಾರ್ಚ್ ಹತ್ತು, ಹತ್ತು ಹತ್ತು. ಒಂದು ದಿನ ಮಾತ್ರ ಹತ್ತು ಹನ್ನೊಂದು. ಹದಿನೆಂಟು ದಿನ.

ಬುಧವಾರ ಸಂಜೆಯೇ ನನ್ನ ಸುಳ್ಳು ಗೊತ್ತಾಗಿದೆ. ಗುರುವಾರ ಬೆಳಿಗ್ಗೆ ರಿಂಗು ಕೊಟ್ಟಿದ್ದಾರೆ. ಗೊತ್ತಿದ್ದೂ ಕೊಟ್ಟಿದ್ದಾರೆ. ದಿನಾ ಕೊಟ್ಟಿದ್ದಾರೆ. ನಾನು ಒಂದು ದಿನವೂ ತಿರುಗಿ ಕೊಟ್ಟಿಲ್ಲ.

ಕೊನೆಯದು ಮಾರ್ಚ್ ಇಪ್ಪತ್ತೇಳು. ಆಮೇಲೆ ಇಲ್ಲ.

“ಯಾರು ಮೇಡಂ ಇದು, ಇಷ್ಟೊಂದು ಸಲ?” ಅಂದಳು ವೀಣ. ಏನು ಹೇಳಲಿ? “ಬೆಳಕವಾಡಿ ಸೆಂಟರು” ಅಂದೆ. ಆ ಸೆಂಟರು ಮುಚ್ಚಿದ್ದು ಅವಳು ಹೈಸ್ಕೂಲಿನಲ್ಲಿದ್ದಾಗ.

ಏಪ್ರಿಲ್ 3, ಗುರುವಾರ

ವೀಣ ಫಸ್ಟ್ ರಿಂಗ್ ಆನ್ ಮಾಡಿಕೊಟ್ಟಳು. ಐದು ಸಲ ಪರೀಕ್ಷೆ ಮಾಡಿದೆವು. ಐದು ಸಲವೂ ಮೊದಲನೆಯದಕ್ಕೇ ಕೂಗಿತು.

ಹತ್ತು ಹತ್ತಕ್ಕೆ ಹ್ಯಾಂಡ್‌ಸೆಟ್ಟನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕೂತಿದ್ದೆ. ಬರಲಿಲ್ಲ. ಯಾಕೆ ಬರುತ್ತೆ? ಹದಿನೆಂಟು ದಿನ ಬಾಗಿಲು ತಟ್ಟಿದವರು ಹತ್ತೊಂಬತ್ತನೇ ದಿನ ಬರುವುದಿಲ್ಲ.

ನಾನೇ ಮಾಡಿದೆ. ಸ್ವಿಚ್ ಆಫ್. ಮಧ್ಯಾಹ್ನ ಮಾಡಿದೆ. ಸ್ವಿಚ್ ಆಫ್.

ಏಪ್ರಿಲ್ 5, ಶನಿವಾರ

ಸ್ವಿಚ್ ಆಫ್. ಕೆಂಪಸಿದ್ದಯ್ಯನನ್ನು ಕೇಳಿದೆ, ಮರಿಯಯ್ಯನವರು ಹುಷಾರಾಗಿದ್ದಾರಾ ಅಂತ. “ಅವ್ರಿಗೇನಮ್ಮಾರೆ, ಕಲ್ಲಂಗವ್ರೆ. ಮೊನ್ನೆ ಮಳವಳ್ಳೀಲಿ ಸಿಕ್ಕಿದ್ರಲ್ಲ” ಅಂದ.

ಕಾಯಿಲೆಯಿಲ್ಲ. ಸಮಾಧಾನ. ಆಮೇಲೆ ಅಸಮಾಧಾನ. ಹುಷಾರಾಗಿದ್ದೂ ಫೋನು ಆಫ್ ಮಾಡಿದ್ದಾರೆ ಅಂದರೆ ಬೇಡ ಅಂತಲೇ ತೀರ್ಮಾನ ಮಾಡಿದ್ದಾರೆ.

ನಾಳೆ ಹೋಗುತ್ತೇನೆ. ಬರೆದಿಟ್ಟೆ. ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ.

ಏಪ್ರಿಲ್ 6, ಭಾನುವಾರ. ರಾಮನವಮಿ

ಸಂಜೆ ಏಳು. ಈಗ ತಾನೇ ಬಂದೆ. ಕಾಲು ತೊಳೆದು ಬರೆಯಲು ಕೂತೆ.

ಬೆಳಿಗ್ಗೆ ಅಣ್ಣ ಪೂಜೆ ಮುಗಿಸುವವರೆಗೆ ಕಾದೆ. ಹಬ್ಬದ ದಿನ ಹೊರಡುವುದು. ಎದೆ ಡವಡವ. ಅರವತ್ತು ವರ್ಷದವಳಿಗೆ!

“ಅಣ್ಣ, ಬೆಳಕವಾಡಿಗೆ ಹೋಗಿಬರ್ತೀನಿ. ಮರಿಯಯ್ಯನವರ ಮನೆಗೆ. ಊಟ ಅಲ್ಲೇ.”

ಅಣ್ಣ ಗಂಟೆ ಕೆಳಗಿಟ್ಟ. ನನ್ನ ಮುಖ ನೋಡಿದ.

“ಅಮ್ಮ ಹೋದಾಗ ನಿನಗೆ ಫೋನ್ ಮಾಡಿದ್ದವರಲ್ಲವೇ?”

“ಹೂಂ.”

“ಬರಿಗೈಲಿ ಹೋಗ್ಬೇಡ. ಕೋಸಂಬರಿ ತಗೊಂಡು ಹೋಗು. ಪಾನಕ ಬಸ್ಸಲ್ಲಿ ಚೆಲ್ಲುತ್ತೆ.”

ಅಷ್ಟೇ. ಮೂವತ್ತೆರಡು ವರ್ಷ ನಾನು ಹೆದರಿಕೊಂಡಿದ್ದ ಮಾತು ಅಷ್ಟೇ. ಅಯ್ಯೋ ನನ್ನ ಕರ್ಮವೇ ಅನ್ನಿಸಿತು. ಬಸ್ಸಿನಲ್ಲಿ ಭಾರತೀನಗರ ದಾಟುವವರೆಗೂ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದೆ. ಪಕ್ಕದಲ್ಲಿದ್ದವಳು, “ಸಾವಿಗೆ ಓಯ್ತಿದೀರಾ ಅಮ್ಮ?” ಅಂದಳು. ಇಲ್ಲ, ಒಕ್ಕಲಿಗೆ ಅಂದೆ.

ಮಳವಳ್ಳಿಯಲ್ಲಿ ಇಳಿದು ಬೆಳಕವಾಡಿ ಬಸ್ಸು. ಅಲ್ಲಿ ಯಾರನ್ನು ಕೇಳಿದರೂ ಮನೆ ತೋರಿಸಿದರು. ನೀಲಿ ಬಾಗಿಲು. ತಾರಸಿ ಮನೆ. ಒಕ್ಕಲಿನ ಮಾವಿನ ತೋರಣ ಒಣಗಿ ಹಾಗೇ ಇದೆ. ಒಳಗೆ ಗೋಡೆಯ ಮೇಲೆ ಬುದ್ಧನ ಫೋಟೋ, ಅದರ ಪಕ್ಕ ಮರಿತಾಯಮ್ಮನದು.

ಮರಿಯಯ್ಯನವರು ಇರಲಿಲ್ಲ! ಕೊಳ್ಳೇಗಾಲದ ಕಡೆ ನೆಂಟರ ಸಾವಂತೆ, ನಾಳೆ ಬೆಳಿಗ್ಗೆ ಬರುತ್ತಾರಂತೆ. ಸೊಸೆ ಮೋಹಿನಿ ಇದ್ದಳು. ಅಂಗನವಾಡಿ ಟೀಚರು. ನಾನು ಹೆಸರು ಹೇಳಿದೊಡನೆ ಮುಖ ಬಿಗಿಯಿತು.

“ಓ. ರಿಂಗಿನಮ್ಮಾರು ನೀವೇನಾ?”

ಕೂರಿ ಅಂದಳು. ನೀರು ಕೊಟ್ಟಳು. ನಾನು ಕುಡಿಯುವವರೆಗೂ ನೋಡುತ್ತಾ ನಿಂತಿದ್ದಳು. ಪೂರ್ತಿ ಕುಡಿದೆ. ಆಮೇಲೆ ಮಾತು ಬಿಟ್ಟಳು. ಮುಚ್ಚುಮರೆಯಿಲ್ಲದ ಹುಡುಗಿ.

“ಬೇಜಾರ್ ಮಾಡ್ಕಬ್ಯಾಡಿ, ಯೋಳ್ತೀನಿ. ಒಕ್ಕಲಿಗೆ ನೀವು ಬರ್ನಿಲ್ಲ, ಅದಕ್ಕೆ ಮಾವ ಒಂದ್ ಮಾತೂ ಆಡ್ನಿಲ್ಲ. ನಾನೇ ಬೈದೆ. ಮಾವ ಏನಂದ್ರು ಗೊತ್ತಾ? ಊಟಕ್ ಬರ್ದಿದ್ರೆ ಓಗ್ಲಿ ಕಣವ್ವ, ರಿಂಗ್ ಬತ್ತದಲ್ಲ, ಸಾಕು ಅಂದ್ರು. ಅದೇ ವಾರ ಅದೂ ನಿಂತೋಯ್ತು. ದಿನಾ ಆ ಜಗಲಿ ಮ್ಯಾಲೆ ಫೋನ್ ಹಿಡ್ಕಂಡು ಹನ್ನೊಂದ್ ಗಂಟೆ ತಂಕ ಕೂರೋರು. ಕಾಫಿ ಆರೋದ್ರೂ ಕುಡೀತಿರ್ನಿಲ್ಲ. ಒಂದಿನ ಎದ್ದು ಫೋನ್ ಆಫ್ ಮಾಡಿ ಆ ಗೂಡಲ್ ಮಡಗುದ್ರು. ಅವ್ರಿಗೂ ಸಾಕಾಗೈತೆ ಬುಡು ಅಂದ್ರು. ಅಷ್ಟೇಯ.”

ನಾನು ಹೇಳಿದೆ. ಕಾರ್ಡ್‌ಲೆಸ್ಸು, ಫಸ್ಟ್ ರಿಂಗು, ಕೆಂಪು ದೀಪ — ಎಲ್ಲ. ಜ್ವರದ ಸುಳ್ಳನ್ನೂ ಹೇಳಿದೆ. ಅದಕ್ಕೆ ಫೋನನ್ನು ಹೊಣೆ ಮಾಡುವ ಹಾಗಿಲ್ಲವಲ್ಲ. ಮೋಹಿನಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದಳು. ಮುಗಿದ ಮೇಲೆ ಎದ್ದಳು.

“ಊಟ ಮಾಡ್ತೀರಾ?”

“ಮಾಡೋಕೇ ಬಂದಿರೋದು.”

ಮುದ್ದೆ, ಉಪ್ಸಾರು, ಮೇಲೆ ಖಾರ. ನನ್ನ ಕೋಸಂಬರಿ ಪಕ್ಕದಲ್ಲಿ. ಮಂಡ್ಯದಲ್ಲಿ ಹುಟ್ಟಿ ಬೆಳೆದು ನನಗೆ ಮುದ್ದೆ ನುಂಗಲು ಬರುವುದಿಲ್ಲ, ಅಗಿದೆ. ಹಲ್ಲಿಗೆಲ್ಲ ಮೆತ್ತಿಕೊಂಡಿತು.

“ಅಗೀಬಾರ್ದು ಕಣಮ್ಮ, ನುಂಗ್ಬೇಕು!” ಅಂತ ಮೋಹಿನಿ ನಕ್ಕಳು. ಬಂದಾಗಿನಿಂದ ಮೊದಲ ಸಲ. ನುಂಗಿದೆ. ಖಾರಕ್ಕೆ ಮೂಗಿನಲ್ಲೆಲ್ಲ ನೀರು. ಇನ್ನರ್ಧ ಹಾಕಿಸಿಕೊಂಡೆ. ಅಷ್ಟು ರುಚಿ. ಇದನ್ನು ಮೂವತ್ತೆರಡು ವರ್ಷ ಬಿಟ್ಟಿದ್ದೆ.

ಹೊರಡುವ ಮೊದಲು ಗೂಡಿನಲ್ಲಿದ್ದ ಫೋನು ನೋಡಿದೆ. ಬಟನ್ನಿನದು, ಸಣ್ಣದು. ಎರಡರ ಅಂಕಿ ಅಳಿಸಿದೆ. ನಮ್ಮ ಆಫೀಸಿನ ನಂಬರಿನಲ್ಲಿ ಮೂರು ಎರಡಿವೆ.

“ಇದನ್ನ ಚಾರ್ಜಿಗೆ ಹಾಕಮ್ಮ” ಅಂದೆ. “ನಾಳೆ ಹತ್ತು ಹತ್ತಕ್ಕೆ ನಾನೇ ಮೊದಲು ಕೊಡ್ತೀನಿ ಅಂತ ಹೇಳು. ಒಂದು. ತಿರುಗಿ ಕೊಡೋದು ಬಿಡೋದು ಅವರ ಇಷ್ಟ.”

“ಯೋಳ್ತೀನಿ. ಆದ್ರೆ ಮಾವ ಅಟಮಾರಿ. ಕೊಡ್ತಾರೆ ಅಂತ ನಾನ್ ಮಾತ್ ಕೊಡಕ್ಕಾಗಕ್ಕಿಲ್ಲ.”

ಬಸ್ಸು ಹತ್ತಿಸಲು ಬಂದಳು. ಡಬ್ಬಿ ತೊಳೆದು ಕೊಟ್ಟಿದ್ದಳು. ಈಗ ತೆಗೆದು ನೋಡಿದರೆ ಖಾರದುಂಡೆ ಇಟ್ಟಿದ್ದಾಳೆ.

ಏಪ್ರಿಲ್ 7, ಸೋಮವಾರ. ಬೆಳಿಗ್ಗೆ 10.05, ಆಫೀಸಿನಲ್ಲಿ

ಈ ಪುಸ್ತಕವನ್ನು ಮೊದಲ ಸಲ ಆಫೀಸಿಗೆ ತಂದಿದ್ದೇನೆ. ಕೈಗೆ ಕೆಲಸ ಬೇಕು.

ವೀಣಳಿಗೆ ಹೇಳಿದ್ದೇನೆ, ಹತ್ತೂವರೆವರೆಗೆ ಯಾರೂ ಲೈನು ಮುಟ್ಟಬೇಡಿ ಅಂತ. ಸುಹಾಸ್ ಏನೋ ಕೇಳಲು ಬಂದ. ಅವಳು ಏನು ಹೇಳಿದಳೋ, ಬಾಗಿಲು ಎಳೆದುಕೊಂಡು ಹೋದ. ಒಳ್ಳೆಯ ಹುಡುಗ. ಫೋನು ಅವನು ಒಳ್ಳೆಯದಕ್ಕೇ ತಂದದ್ದು.

10.08. ಹೊಳೆಯುತ್ತಿದೆ ಒಂದು ವಿಷಯ. ಅಷ್ಟು ವರ್ಷವೂ ಮೊದಲು ಕೊಡುವುದು ಅವರದು, ತಿರುಗಿ ಕೊಡುವುದು ನನ್ನದು. ಸೆಂಟರು ಮೊದಲು, ಆಫೀಸು ಆಮೇಲೆ. ಅದೇ ಪದ್ಧತಿ ಅಂದುಕೊಂಡಿದ್ದೆ. ರಿಟೈರಾದ ಮೇಲೆ ಯಾವ ಸೆಂಟರು, ಯಾವ ಆಫೀಸು? ಒಂದು ದಿನವಾದರೂ ನಾನು ಮೊದಲು ಕೊಡಬಹುದಿತ್ತು.

10.10. ಕೊಟ್ಟೆ. ಸ್ವಿಚ್ ಆಫ್ ಅನ್ನಲಿಲ್ಲ! ರಿಂಗಾಯಿತು. ಒಂದಕ್ಕೆ ಕಟ್ ಮಾಡಿದೆ. ಹ್ಯಾಂಡ್‌ಸೆಟ್ಟನ್ನು ಪೀಠದ ಮೇಲೆ ಇಟ್ಟೆ.

10.11. ಇಲ್ಲ.

10.12. ಇಲ್ಲ. ಊರಿಗೆ ಇನ್ನೂ ಬಂದಿಲ್ಲವೇನೋ. ಬಸ್ಸು ತಡವಿರಬಹುದು.

10.14. ಬಂದಿರಬಹುದು. ಜಗಲಿಯ ಮೇಲೆ ಕೂತು ಫೋನನ್ನು ನೋಡುತ್ತಿರಬಹುದು. ನೋಡಲಿ. ಹದಿನೆಂಟು ದಿನ ಅವರು ಹೀಗೆ ಕೂತರಲ್ಲ... ನಾನು ನಾಲ್ಕು ನಿಮಿಷಕ್ಕೇ ಸಾಯುತ್ತಿದ್ದೇನೆ.

10.17. ಕೊಡದಿದ್ದರೂ ನಾಳೆ ಕೊಡುತ್ತೇನೆ. ನಾಡಿದ್ದೂ ಕೊಡುತ್ತೇನೆ. ಮೂವತ್ತನೇ ತಾರೀಖು ಈ ಫೋನು ಬಿಟ್ಟು ಹೋದ ಮೇಲೆ ನನ್ನ ಮೊಬೈಲಿನಿಂದ ಕೊಡುತ್ತೇನೆ. ಹದಿನೆಂಟು ದಿನ ಪೂರ್ತಿ ಕೊಟ್ಟ ಮೇಲೆ ಆಮೇಲಿನ ಮಾತು

10.19. ಪೀಠದ ಹಸಿರು ದೀಪ. ಒಂದು. ಕಟ್ ಆಗಲಿ ಅಂತ ಉಸಿರು ಹಿಡಿ— ಕಟ್ ಆಗಲಿಲ್ಲ, ಎರಡು ರಿಂಗು, ಎರಡಾದರೆ ಎತ್ತ